ಅಪ್ಪ ಕಡೆದ ಬಟ್ಟಲು

ಚನ್ನಪಟ್ಟಣ
೩೧-೧೦-೨೦೦೬, ಮಂಗಳವಾರ

ಪ್ರೀತಿಯ ಅಣ್ಣನಿಗೆ,

ನಿನ್ನ ಮಂಡಿನೋವು ಹೇಗಿದೆ? ಅತ್ತಿಗೆಯ ಸಕ್ಕರೆ ಹತೋಟಿಗೆ ಬಂತೆ? ಕನಕಪುರವೇನು ಸೀಮೆಯಾಚೆ ಇದೆಯೇ? ಬಸ್ ಹತ್ತಿದರೆ ಬಂದೇಬಿಡಬಹುದು. ಆದರೂ ನಾಲ್ಕು ವರ್ಷ ನಿನ್ನ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ. ಇಲ್ಲಿ ರಸ್ತೆ ಅಗಲವಾಗಿ, ಅಪ್ಪ ಪಾದ್ರಿಯಾಗುವ ಮೊದಲು ಬೊಂಬೆ ಕಡೆಯುತ್ತಿದ್ದ ಶೆಡ್ಡು ಹೋಯಿತು. ಬಿಡದಿಯ ಕಾರ್ಖಾನೆಗಳಿಗೆ ಬಂದ ಸಂಸಾರಗಳಿಂದ ಅಪ್ಪ ಕಟ್ಟಿದ, ಅವನ ನಂತರ ನಾನು ಪಾದ್ರಿಯಾಗಿರುವ ಸಭೆ ತುಂಬಿದೆ. ಅವರನ್ನು ಉಳಿಸಿಕೊಳ್ಳಲು ನಾನು ಏನು ಮಾಡಿದೆನೆಂಬುದು ನಿನಗೆ ಗೊತ್ತೇ ಇದೆ.

ಮೊನ್ನೆ, ಲೂಥರ್ ರೋಮಿನ ಸಭೆಗೆ ಎದುರು ನಿಂತದ್ದನ್ನು ನೆನೆಯುವ ಸುಧಾರಣಾ ಭಾನುವಾರ. ಲೂಥರ್ ಸತ್ತ ಮೇಲೆ ಏನಾಯಿತೆಂದು ಹುಡುಗರಿಗೆ ಪಾಠ ಮಾಡುತ್ತಿದ್ದೆ. ಚಕ್ರವರ್ತಿ ರೋಮಿನ ಹಳೆಯ ಆಚಾರಗಳನ್ನು ಮತ್ತೆ ಹೇರಿದಾಗ, ಲೂಥರನ ಬಲಗೈಯಂತಿದ್ದ ಫಿಲಿಪ್ ಮೆಲಾಂಖ್ತನ್ 'ಮಾಡಿದರೂ ಸೈ, ಬಿಟ್ಟರೂ ಸೈ ಎನ್ನುವ ಸಂಗತಿಗಳಲ್ಲಿ ಬಗ್ಗೋಣ, ಸಭೆ ಉಳಿಯಲಿ' ಅಂದ. ಅವನದೇ ಶಿಷ್ಯ ಫ್ಲಾಸಿಯಸ್ ಸಿಡಿದೆದ್ದ: ಬಲವಂತಕ್ಕೆ ಬಗ್ಗಿದರೆ ಸಣ್ಣದೂ ಸಣ್ಣದಲ್ಲ, ನಂಬಿಕೆಯನ್ನೇ ಬಿಟ್ಟುಕೊಟ್ಟ ಹಾಗೆ. ಇಬ್ಬರ ಕಡೆಯವರೂ ಲೂಥರನ ಹೆಸರು ಹಿಡಿದೇ ಮೂವತ್ತು ವರ್ಷ ಕಚ್ಚಾಡಿದರು. ಕಡೆಗೆ ಮುಂದಿನ ತಲೆಮಾರಿನವರು ಕೂತು ಒಪ್ಪಂದದ ಸೂತ್ರ ಬರೆದಾಗ, ಈ ವಿಷಯದಲ್ಲಿ ಫ್ಲಾಸಿಯಸನ ಮಾತೇ ನಿಂತಿತು. (ಬೀಗಬೇಡ, ಬೇರೆ ವಿಷಯದಲ್ಲಿ ಅವನಿಗೂ ಚೆನ್ನಾಗಿಯೇ ಬಿತ್ತು!) ಹೇಳುತ್ತಾ ಹೇಳುತ್ತಾ ಇದು ನಮ್ಮಿಬ್ಬರದೇ ಕಥೆ ಅನಿಸಿ, ಪಾಠ ಅಲ್ಲಿಗೇ ನಿಲ್ಲಿಸಿ ಹುಡುಗರನ್ನು ಮನೆಗೆ ಕಳಿಸಿದೆ.

ಅಪ್ಪ ಹಾಲೆಮರದಲ್ಲಿ ಕಡೆದು ಅರಗು ಹಾಕಿದ ಆ ಒಂದೇ ಬಟ್ಟಲು, ಎಲ್ಲರೂ ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿಯುವ ಪ್ರಭುಭೋಜನದಲ್ಲಿ ಮೊದಲು ಬಸ್ ಸ್ಟ್ಯಾಂಡ್ ಗುಡಿಸುವ ದಾಸಮ್ಮನ ಕೈಗೆ ಹೋಗುತ್ತಿತ್ತಲ್ಲ. ಬಿಡದಿ ಕಾರ್ಖಾನೆಯ ಸೂಪರ್‌ವೈಸರ್ ಅನಂತರಾಜು 'ಅವಳ ಎಂಜಲು ನಾವು ಕುಡಿಯೋದಾ? ಎಲ್ಲರಿಗೂ ಬೇರೆ ಬೇರೆ ಲೋಟ ಇಡಿ, ಇಲ್ಲಾಂದ್ರೆ ನಾವು ಹತ್ತು ಮನೆಯವರು ಬರಲ್ಲ' ಅಂದಾಗ ನಾನು ಬಗ್ಗಿದೆ. ನೀನು ಕೂಗಾಡಿದ್ದೆ: 'ಲೇ, ಲೋಟ ಸಣ್ದೇ ಕಣ್ಲಾ, ಅವ್ರು ಕೇಳ್ತಿರೋದು ಸಣ್ದಲ್ಲ!' ಆಗ ನಾನು ಸಭೆಯ ಮುಂದೆ ನಿಂತು, ಅಪ್ಪನೇ ಕಡೆಯ ದಿನ ನನ್ನ ಕೈ ಹಿಡಿದು 'ಇನ್ಮೇಲೆ ಬೇರೆ ಬೇರೆ ಲೋಟ ಇಡು' ಅಂದನೆಂದು ಹೇಳಿದೆ. ಎಲ್ಲರೂ ನಿನ್ನನ್ನೇ ಅಪ್ಪನ ಮಾತು ಮೀರಿದವನೆಂದರು. ನೀನು ಎದ್ದು ಹೋದೆ. ದಾಸಮ್ಮ ಅಂದಿನಿಂದ ಹಿಂದಿನ ಬೆಂಚು ಬಿಟ್ಟು ಮೇಜಿನ ಹತ್ತಿರ ಬಂದಿಲ್ಲ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ದೇವರ ಸಮಾಧಾನ ನಿನ್ನ ಮನೆಯಲ್ಲಿರಲಿ, ನನ್ನಲ್ಲಂತೂ ಇಲ್ಲ.

ನಿನ್ನ ತಮ್ಮ,
ಕರುಣಾಕರ

ಮರೆತೆ ಅಂದರೆ ಸುಳ್ಳಾಗುತ್ತದೆ, ಬರೆಯಲು ಹೆದರಿ ಕಡೆಗಿಟ್ಟೆ: ಅಪ್ಪ ಅಂದು ನನಗೇನೂ ಹೇಳಲಿಲ್ಲ ಅಣ್ಣ. ಫಿಲಿಪ್ ಬಗ್ಗಿದರೂ ತನ್ನ ಬಾಯಿಂದಲೇ ಮಾತಾಡಿದ. ನಾನು ಸತ್ತ ಅಪ್ಪನ ಬಾಯಲ್ಲಿ ನನ್ನ ಮಾತಿಟ್ಟೆ. ಬರುವ ಭಾನುವಾರ ಇದನ್ನು ಸಭೆಗೂ ಹೇಳುತ್ತೇನೆ, ಅದೇ ಬಟ್ಟಲು ಇಡುತ್ತೇನೆ, ಯಾರು ಉಳಿಯುತ್ತಾರೋ ಉಳಿಯಲಿ. ನೀನು ಬಾ. ಇವತ್ತು ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿ ದಾಸಮ್ಮನಿಗೆ ಮೊದಲು ಹೇಳಿದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಪೊರಕೆ ಕೆಳಗಿಟ್ಟು ಅತ್ತುಬಿಟ್ಟಳು: 'ನಾಕ್ ವರ್ಸದಿಂದ ನಿಮ್ಮಪ್ಪಾರ್ ಮ್ಯಾಲೆ ಮುನಿಸ್ಕಂಡಿದ್ನಲ್ಲಾ ಸಾಮಿ, ಸತ್ತೋರ್ ಮ್ಯಾಲೆ!'