ಯಜಮಾನರ ಮೊಳ

ಚಳ್ಳಕೆರೆ
ಸೌಮ್ಯನಾಮ ಸಂವತ್ಸರ, ಮಾಘ ಶುದ್ಧ ಪಂಚಮಿ, ೧೯೧೦

ಗೆಳೆಯ ಓಬಯ್ಯನಿಗೆ ಯರ್ರಪ್ಪನ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ; ನನ್ನಿವಾಳದಲ್ಲಿ ನೀನೂ ರಂಗಕ್ಕನೂ ಹಾಗೆಯೇ ಇದ್ದೀರೆಂದು ನಂಬಿದ್ದೇನೆ. ಕಾಗದ ತಡವಾಯಿತು, ಬೈದುಕೊಳ್ಳಬೇಡ. ಈ ವ್ಯಾಜ್ಯ ಮುಗಿಯುವ ತನಕ ಬರೆಯಲು ಮನಸ್ಸೇ ಬರಲಿಲ್ಲ. ಈಗ ಮುಗಿಯಿತು. ಗೋಡೆ ಉಳಿಯಿತು, ನನ್ನ ಹೆಸರೂ ಉಳಿಯಿತು.

ಗೊತ್ತಿದ್ದದ್ದನ್ನೇ ಹೇಳುತ್ತಾನೆ ಎನ್ನಬೇಡ, ಮೊದಲಿಂದ ಹೇಳಿದರೇ ನನಗೆ ಸಮಾಧಾನ. ಮಲ್ಲಿಕಾರ್ಜುನಪ್ಪನವರ ಮನೆಗೆ ಪಾಯ ಹಾಕಿದಾಗ, ಪದ್ಧತಿಯಂತೆ ಯಜಮಾನರ ಕೈಯಿಂದಲೇ ಮೊಳ ಹಾಕಿಸಿದೆ. ಗುತ್ತಿಗೆಯ ಕರಾರಿನಲ್ಲಿ ಪಡಸಾಲೆ ಇಪ್ಪತ್ತನಾಲ್ಕು ಮೊಳ ಎಂದು ಬರೆಸಿದ ಜಾಣ ನಾನು, ಯಾರ ಮೊಳ ಎಂದು ಬರೆಸಲಿಲ್ಲ! ಅವರು ತೀರಿಕೊಂಡರು. ಮಗ ಕೊಟ್ಟೂರಪ್ಪ ಅಪ್ಪನಿಗಿಂತ ಗೇಣುದ್ದ ಎತ್ತರ. ತನ್ನ ಕೈಯಿಂದ ಅಳೆದು ಇಪ್ಪತ್ತೆರಡೂವರೆಯೇ ಇದೆ ಎಂದ. ಗೋಡೆ ಕೆಡವಿ ಮತ್ತೆ ಕಟ್ಟಿಕೊಡಲೆಂದು ದಾವಾ ಹಾಕಿದ. ಕಟ್ಟಿದ್ದನ್ನು ನಾನೇ ಕೆಡವಿದರೆ ಈ ಸೀಮೆಯಲ್ಲಿ ಇನ್ನು ಯಾರು ಕೆಲಸ ಕೊಡುತ್ತಾರೆ, ಹೇಳು.

ಕಳೆದ ಗುರುವಾರ ಕೋರ್ಟಿನಿಂದ ಅಮೀನರು ಅಳತೆಗೆ ಬಂದರು. ಯಜಮಾನರ ಮೊಳದ ಗುರುತನ್ನು ಬಾಗಿಲ ಕಲ್ಲಿನ ಮೇಲೆ ಕೊರೆಸಿದ್ದೇನೆ, ಈಗ ಗಾರೆಯ ಕೆಳಗಿದೆ ಎಂದೆ.

"ಕೊರೆದೋನು ಯಾರು? ಕರೀರಿ" ಎಂದರು.

"ನಮ್ಮ ಓಬಯ್ಯ, ಸ್ವಾಮಿ. ಜ್ವರ ಬಂದು ಮಲಗ್ಯಾನೆ" ಎಂದೆ.

ನಾನೇ ಉಳಿ ಹಿಡಿದು, ಕನ್ನಡಿಯಂತೆ ನುಣುಪು ಮಾಡಿದ್ದ ಗಾರೆಯನ್ನು ಒಡೆದೆ. ಮೊಳದ ಎರಡು ತುದಿಗೆ ಕೊರೆದಿದ್ದ ಗೆರೆಗಳು ಕಂಡವು. "ಇದು ಯಾರ ಕೈ ಅಂತ ಯಾರಿಗೆ ಗೊತ್ತೈತೆ?" ಎಂದು ಕೊಟ್ಟೂರಪ್ಪ ನಕ್ಕ. ಆಗ ಅವನ ತಾಯಿ ಅನ್ನಪೂರ್ಣಮ್ಮನವರು ಹೊರಗೆ ಬಂದರು. ಗಂಡ ಹೋದ ಮೇಲೆ ನಡುಮನೆ ದಾಟದ ಹೆಂಗಸು, ಅಷ್ಟು ಗಂಡಸರ ನಡುವೆ ನಿಂತು ಗೆರೆಯ ಮೇಲೆ ಬೆರಳಾಡಿಸಿದರು.

"ನಿಮ್ಮಪ್ಪನ ಕೈಗೆ ಅವತ್ತು ಅರಿಶಿನ ಹಚ್ಚಿದೋಳು ನಾನು ಕಣೋ. ಈ ಕಲ್ಲಿನ ಮ್ಯಾಲೆ ಅವರು ಕೈ ಊರಿದ್ದು ನನ್ನ ಕಣ್ಣಾಗೆ ಐತೆ. ಅವರ ಮೊಳಾನೇ ಸುಳ್ಳು ಅಂತೀಯಾ?"

ಅಮೀನರು ಆ ಗುರುತಿಗೆ ಸರಿಯಾಗಿ ಕೋಲು ಕತ್ತರಿಸಿ ಪಡಸಾಲೆ ಅಳೆದರು. ಇಪ್ಪತ್ತನಾಲ್ಕು! ಒಂದು ಬೆರಳೂ ಕಡಿಮೆಯಿಲ್ಲ. ಕೊಟ್ಟೂರಪ್ಪ ತಲೆ ತಗ್ಗಿಸಿ ರಾಜಿಗೆ ಒಪ್ಪಿದ. ನಾನು ನಾಚಿಕೆ ಬಿಟ್ಟು ಅತ್ತೆ, ಓಬಯ್ಯ.

ಮನೆಯಲ್ಲಿ ಸೂರಮ್ಮ ಹೋಳಿಗೆ ಮಾಡಿದಳು. ಸಾಕೆನ್ನುವವರೆಗೆ ತಿಂದು ಎರಡು ದಿನ ಹಾಯಾಗಿ ಮಲಗಿದೆ. ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು, ಅವರ ಕೈಗೆ ಸದಾ ಕೆಲಸವಿರಲಿ.

ನಿನ್ನ
ಯರ್ರಪ್ಪ

ತಾ.ಕ.: ಜ್ವರ ನಾನು ಹುಟ್ಟಿಸಿದ ಮಾತು. ಸಾಕ್ಷಿ ಹೇಳಲು ಬಾ ಎಂದು ಮೂರು ಸಲ ಹೇಳಿಕಳಿಸಿದರೂ ನೀನು ಬರಲಿಲ್ಲ. ಕೊಟ್ಟೂರಪ್ಪನ ಹೊಸ ಮಳಿಗೆಯ ಕಲ್ಲುಕೆಲಸ ನಿನಗೆ ಸಿಕ್ಕಿದೆಯೆಂದು ಅಮೀನರು ಬಂದ ದಿನ ಬೆಳಿಗ್ಗೆಯೇ ನನಗೆ ತಿಳಿದಿತ್ತು. ಆದರೂ ನಾಲ್ಕು ಜನರ ಮುಂದೆ ನಿನ್ನ ಮಾನ ತೆಗೆಯಲು ಬಾಯಿ ಬರಲಿಲ್ಲ. ಆ ತಾಯಿ ನನಗೋಸ್ಕರ ಹೆತ್ತ ಮಗನಿಗೇ ಎದುರು ನಿಂತರು. ನಿನಗೆ ನಾನು ಅಷ್ಟೂ ಆಗಲಿಲ್ಲವೇ?