ತಂಗಿಯ ಕೈಗೆ ಕಟ್ಟಿದ ನಿದ್ದೆ

ಹುಬ್ಬಳ್ಳಿ, ೨೨೩೧ನೆಯ ಇಸವಿ, ಕಾರಹುಣ್ಣಿಮೆಯ ಮಾರನೆಯ ದಿನ

ನೀವು ಇನ್ನೂ ಎಣಿಸಿರದ ವರ್ಷದಿಂದ ಬರೆಯುತ್ತಿದ್ದೇನೆ. ನಡುನಡುವೆ ಗುರುತಿಲ್ಲದ ಪದ ಬಂದರೆ ಮನ್ನಿಸಿ. ಕೈ ದಣಿದಿದೆ, ತಿದ್ದುವ ತ್ರಾಣವಿಲ್ಲ.

ನನಗೆ ಹೊಟ್ಟೆಯ ಕ್ಯಾನ್ಸರ್ ಆಗಿ ಹನ್ನೊಂದು ವರ್ಷ. ಈಗ ಅದನ್ನು ಜೊತೆಬೇನೆ ಎನ್ನುತ್ತೇವೆ. ವಾರಕ್ಕೊಂದು ಗುಟುಕು ಔಷಧಿ ಕುಡಿದರೆ ಅದು ಬೆಳೆಯುವುದಿಲ್ಲ, ಹೋಗುವುದೂ ಇಲ್ಲ. ರೊಟ್ಟಿ ತಿನ್ನುತ್ತೇವೆ, ಕೆಲಸಕ್ಕೆ ಹೋಗುತ್ತೇವೆ, ಮೊಮ್ಮಕ್ಕಳ ಮದುವೆ ಮಾಡುತ್ತೇವೆ. ನಿದ್ದೆಯೊಂದು ಬರುವುದಿಲ್ಲ. ಅದಕ್ಕೆಂದೇ ಆಸ್ಪತ್ರೆಯವರು ಮಣಿಕಟ್ಟಿಗೆ ನಿದ್ದೆಕಾವಲು ಎಂಬ ಪಟ್ಟಿ ಕಟ್ಟುತ್ತಾರೆ. ಎಷ್ಟು ತಾಸು ಮಲಗಿದೆವೆಂದು ಅದು ಅವರಿಗೆ ತಿಳಿಸುತ್ತದೆ. ನಾನು ತೂಗುಬಂಡಿ, ಅಂದರೆ ತಂತಿಗೆ ಜೋತು ಊರ ಮೇಲೆ ಓಡುವ ಬಸ್ಸು, ನಡೆಸುತ್ತಿದ್ದೆ. ನಿದ್ದೆಗೆಟ್ಟವರನ್ನು ಬಂಡಿಯಿಂದ ಇಳಿಸಿಬಿಡುತ್ತಾರೆ. ಆ ಕೆಲಸವೂ ಹೋದರೆ ನಾನು ಬರೀ ರೋಗಿ ಎನಿಸಿತ್ತು. ಹಾಗಾಗಿ ದಿನಾ ಸಂಜೆ ಪಟ್ಟಿ ಬಿಚ್ಚಿ ತಂಗಿ ಸುಗಲಾಳ ಕೈಗೆ ಕಟ್ಟತೊಡಗಿದೆ. ಅವಳು ಮೊದಲು ಬೇಡವೆಂದಳು, ಆಮೇಲೆ ನನ್ನ ಮುಖ ನೋಡಿ ಕೈ ಚಾಚಿದಳು.

ಮೂರು ತಿಂಗಳು ಹೀಗೇ ನಡೆಯಿತು. ಒಂದು ಮಧ್ಯಾಹ್ನ, ನಿಲ್ದಾಣ ಕಣ್ಣೆದುರಿಗೇ ಇರುವಾಗ, ರೆಪ್ಪೆಗಳು ಮುಚ್ಚಿಕೊಂಡವು. ಬಂಡಿ ಕಟ್ಟೆಗೆ ಬಡಿಯಿತು. ಬಂಡಿಯಲ್ಲಿದ್ದ ಚೆನ್ನವ್ವ ಎಂಬ ಮುದುಕಿಯ ಕೈ ಮುರಿಯಿತು.

ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಆಕೆ ಬೈಯಲಿಲ್ಲ.

"ಮಲಗಿದಾಗ ಏನ್ ಅನಸ್ತೈತ್ರಿ?" ಎಂದು ಕೇಳಿದರು.

"ಕಣ್ಣ ಮುಚ್ಚಿದ್ರ ಮತ್ತ ಏಳಂಗಿಲ್ಲ ಅನಸ್ತೈತ್ರಿ."

ಹನ್ನೊಂದು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಹೊರಬಿದ್ದದ್ದು ಅಂದೇ. ಪಕ್ಕದಲ್ಲಿದ್ದ ಸುಗಲಾ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ತೂಕಡಿಕೆ ಬಂದಾಗಲೇ ಹಾಸಿಗೆಗೆ ಹೋಗಬೇಕು, ನಿದ್ದೆ ಹತ್ತದಿದ್ದರೆ ಎದ್ದು ಕೂರಬೇಕು, ಬೆಳಿಗ್ಗೆ ಒಂದೇ ಹೊತ್ತಿಗೆ ಏಳಬೇಕು, ಅಂಜಿಕೆಯನ್ನು ವಾರಕ್ಕೊಮ್ಮೆ ಬಂದು ತಮ್ಮ ಮುಂದೆ ಹೇಳಿಕೊಳ್ಳಬೇಕು ಎಂದರು ಡಾಕ್ಟರು. ಮೊದಮೊದಲು ಇನ್ನಷ್ಟು ದಣಿದೆ. ಈಗ ಐದು ತಾಸು ಬರುತ್ತದೆ, ಕೆಲವು ದಿನ ಅದೂ ಇಲ್ಲ. ಬಂಡಿ ಮತ್ತೆ ಸಿಗಲಿಲ್ಲ, ಸಿಗಲೂಬಾರದು.

ಚೆನ್ನವ್ವನ ಮನೆಗೆ ಹೋಗಿ ಕಾಲು ಹಿಡಿದೆ.

"ಕೈ ಕೂಡ್ತೈತಿ ಬಿಡವಾ," ಎಂದಳು. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, "ನನ್ನ ಮಗಳಿಗೂ ಇದಾ ಬ್ಯಾನಿ ಇತ್ತು. ನಿದ್ದಿ ಬಂತೇನ ಅಂತ ಕೇಳಿದಾಗೆಲ್ಲಾ ಹೂಂ ಅಂತಿದ್ಲು. ನಾ ನಂಬಿದ್ನಿ," ಎಂದಳು.

ನಿಮ್ಮ ಮನೆಯಲ್ಲೂ ಈ ಬೇನೆಯವರು ಇದ್ದಾರು. ನಿದ್ದೆ ಬಂತೇ ಎಂದು ಕೇಳಿ. ಹೂಂ ಎಂದರೆ ಎದ್ದು ಹೋಗಬೇಡಿ. ಅಲ್ಲೇ ಕೂತು ಇನ್ನೊಮ್ಮೆ ಕೇಳಿ.

ಇಂತಿ,
ನೀಲಾಂಬಿಕಾ