ಅವರೆಗೆ ಏನೂ ಆಗಿಲ್ಲ

ಆಗಸ್ಟ್ 12, ಸೋಮವಾರ

ಬೆಳ್ಳಮ್ಮನ ಹೊಲದ ಕಳೆ ಇವತ್ತಿಗೆ ಮುಗಿಯಿತು. ಸೊಂಟ ನೆಟ್ಟಗಾಗುತ್ತಿಲ್ಲ. ಎಳೆಯದರಲ್ಲಿ ರಾಗಿ ಪೈರೂ ಹುಲ್ಲೂ ಒಂದೇ ಥರ... ಬುಡ ಮುಟ್ಟಿ ನೋಡಿ ಕೀಳಬೇಕು.

ಎಲ್ಲರ ಮನೆ ಮುಯ್ಯಿ ತೀರಿತು. ಶುಕ್ರವಾರ ನನ್ನ ಸರದಿ. ಕೂಲಿ ಇಲ್ಲ, ನಾಲಿ ಇಲ್ಲ. ಅವರ ಹೊಲದಲ್ಲಿ ನಾನು ಬಗ್ಗಿದ್ದಕ್ಕೆ ನನ್ನ ಹೊಲದಲ್ಲಿ ಅವರು ಬಗ್ಗುತ್ತಾರೆ. ರಾಗಿ ಚೆನ್ನಾಗಿ ಬಂದಿದೆ, ನಡುನಡುವೆ ಅವರೆ ಸಾಲು. ಅತ್ತೆಗೆ ಹೇಳಿಬಿಟ್ಟಿದ್ದೇನೆ — ಈ ವರ್ಷ ಅಂಗಡಿ ರಾಗಿ ಮನೆಯೊಳಗೆ ಬರಕೂಡದು.

ಆಗಸ್ಟ್ 14, ಸಂಜೆ

ಮೈ ಉರಿಯುತ್ತಿದೆ.

ಲಗೇಜ್ ಆಟೋದಲ್ಲಿ ಮಳವಳ್ಳಿಗೆ ಟೊಮೆಟೊ ಬಾಡಿಗೆ ಹೋದ ಗಂಡ ಕಳೆ ಔಷಧಿ ಬಾಟಲಿ ತಂದಿದ್ದಾನೆ. (ಎದುರಿಗೆ ‘ರೀ’, ಇಲ್ಲಿ ‘ಅವನು’. ಇಲ್ಲಿ ಯಾರ ಭಯ.) ನಾನು ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಸ್ಪ್ರೇಯರ್ ತೊಳೆಯುತ್ತಾ ಕೂತಿದ್ದಾನೆ, ಮಹಾನುಭಾವ.

“ಉಲ್ಗೆ ಔಸ್ದಿ ಒಡ್ದಿವ್ನಿ ಕಣಮ್ಮಿ. ಸುಕ್ರವಾರ ಯಾರೂ ಬರೋದ್ ಬ್ಯಾಡ ಅಂತ ಯೋಳ್ಬುಡು.”

“ನನ್ನ ಒಂದ್ ಮಾತು ಕೇಳುದ್ರಾ?”

“ಕೇಳದೇನು? ನಿಂಗೇ ಸ್ವಂಟ ನೋವು ಅಂತಿದ್ದಲ್ಲ.”

ಸೊಂಟ ನೋಯಿಸಿಕೊಂಡು ತಿಂಗಳೆಲ್ಲಾ ಊರವರ ಕಳೆ ಕಿತ್ತವಳು ನಾನು. ಆ ಮುಯ್ಯಿ ಏನಾಗಬೇಕು? ನೀರಲ್ಲಿ ಹೋಮ. ಊಟ ಬಡಿಸಲಿಲ್ಲ. ಅತ್ತೆ ಬಡಿಸಿದರು.

ಆಗಸ್ಟ್ 16

ಬೆಳ್ಳಮ್ಮ, ವೀಣ, ಎಲ್ಲರೂ ಬೆಳಿಗ್ಗೆಯೇ ಬಾಗಿಲಿಗೆ ಬಂದರು. ಬೇಡ ಎಂದು ಹೇಳಿಕಳಿಸುವುದಕ್ಕೆ ನನಗೆ ಬಾಯಿ ಬಂದಿರಲಿಲ್ಲ. ಔಷಧಿ ಹೊಡೆದಾಯಿತು ಎಂದೆ.

“ಅಂಗಂದ್ರೆ ನಮ್ ಮೇಲೆ ಮುಯ್ಯಿ ಉಳ್ಸೀಯಾ?” ಎಂದಳು ಬೆಳ್ಳಮ್ಮ. “ಬುಡು, ಬ್ಯಾರೆ ಯಾವ್ದಾದ್ರೂ ಕೆಲ್ಸುಕ್ ಕರಿ.” ಮುಖ ಸಣ್ಣದು ಮಾಡಿಕೊಂಡೇ ಹೋದಳು. ಅವಳ ಮೇಲೂ ಕೋಪ ಬಂತು.

ಆಗಸ್ಟ್ 21

ಹುಲ್ಲು ಹಳದಿ ತಿರುಗಿದೆ. ಸರಿ. ರಾಗಿಯೂ ಹಳದಿ.

ಮಳೆ ಹೆಚ್ಚಾಗಿರಬೇಕು ಎನ್ನುತ್ತಾನೆ. ಒಂದು ಪೈರಿನ ಸುಳಿ ಹಿಡಿದು ಎಳೆದೆ. ಸಲೀಸಾಗಿ ಕೈಗೆ ಬಂತು, ಬುಡ ಕೊಳೆತು ಕಂದಾಗಿದೆ. ಇನ್ನೊಂದು ಎಳೆದೆ. ಅದೂ ಅಷ್ಟೆ. ಹೊಲದ ಆ ತುದಿವರೆಗೂ ಎಳೆಯುತ್ತಾ ಹೋದೆ. ಅವರೆ ಸಾಲು ಮಾತ್ರ ಹಸಿರಾಗಿ ನಿಂತಿದೆ.

ಆಗಸ್ಟ್ 22

ಖಾಲಿ ಬಾಟಲಿ, ನಾಲ್ಕು ಪೈರು, ಎರಡನ್ನೂ ಕವರಿಗೆ ಹಾಕಿಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋದೆ. ಅಲ್ಲಿನ ಮೇಡಂ ಲೇಬಲ್ ಓದಿ ನನ್ನ ಮುಖ ನೋಡಿದರು.

“ರಾಗಿನೂ ಹುಲ್ಲಿನ ಜಾತಿನೇ ಅಲ್ವಾಮ್ಮ. ಇದು ಹುಲ್ಲಿನ ಜಾತಿಯೆಲ್ಲಾ ಸಾಯಿಸುತ್ತೆ. ಅವರೆ, ಕಡಲೆಕಾಯಿ ಅಂಥವಕ್ಕೆ ಹೊಡೆಯೋದು.”

ಮತ್ತೆ ರಾಗಿ ನಾಟಿ ಹಾಕಲೇ ಎಂದು ಕೇಳಿದೆ. ಸದ್ಯಕ್ಕೆ ಬೇಡ, ಔಷಧಿ ಮಣ್ಣಲ್ಲಿ ಇರುತ್ತೆ, ಹುರುಳಿ ಚೆಲ್ಲಿ ಎಂದರು.

ಬಸ್ಸಿನಲ್ಲಿ ಅತ್ತುಬಿಟ್ಟೆ. ನೋಡಿದವರು ನೋಡಿಕೊಳ್ಳಲಿ. ಇನ್ನು ವರ್ಷವಿಡೀ ಅಂಗಡಿ ರಾಗಿ.

ಆಗಸ್ಟ್ 23

ಊರಿಗೆಲ್ಲಾ ಗೊತ್ತಾಗಿದೆ. ಬೆಳ್ಳಮ್ಮ ಹೆಂಗಸರನ್ನು ಕಟ್ಟಿಕೊಂಡು ಹೊಲಕ್ಕೇ ಬಂದಳು. ಅವನೂ ಅಲ್ಲೇ ಇದ್ದ. ಇವತ್ತು ಎಲ್ಲರೆದುರಿಗೇ ನೀರಿಳಿಸುತ್ತೇನೆ ಎಂದು ನಾನೂ ಕಾದಿದ್ದೆ.

“ಏನ್ಲಾ ಸಂತೋಷ, ಅನ್ನ ತಿನ್ನೋನು ಮಾಡೋ ಕೆಲ್ಸನೇನ್ಲಾ ಇದು? ರಾಗಿ ಒಲುಕ್ಕೆ ಅಂತ ಅಂಗ್ಡೀಲಿ ಯೋಳ್ಲಿಲ್ವಾ?” ಎಂದಳು ಬೆಳ್ಳಮ್ಮ.

ಅವನು ನೆಲ ನೋಡುತ್ತಾ ಹೇಳಿದ. “ಓದ್ವರ್ಸ ನಮ್ಮಪ್ಪ ಏನೋ ಒಡ್ದು ಅವರೆ ಸುಟ್ಟೋಯ್ತಲ್ಲ ಕಣಕ್ಕ... ಇವ್ಳವ್ವನ ಮನೆ ಬಿತ್ನೆ ಅದು. ಎರಡ್ ತಿಂಗ್ಳು ಮಾತಾಡ್ಲಿಲ್ಲ ಇವ್ಳು. ಅದ್ಕೇ, ಅವರೆಗೆ ಏನೂ ಆಗ್ಬಾರ್ದು, ಉಲ್ಲು ಮಾತ್ರ ಸಾಯ್ಬೇಕು, ಅಂಥದ್ದು ಕೊಡು ಅಂದೆ. ರಾಗಿ ಮಾತೇ ಬರ್ಲಿಲ್ಲ.”

ಎಲ್ಲರೂ ನನ್ನ ಕಡೆ ತಿರುಗಿದರು. ವೀಣ ಸೆರಗು ಬಾಯಿಗೆ ಹಿಡಿದುಕೊಂಡಳು.

ಓಹೋ. ಈಗ ತಪ್ಪು ನನ್ನದು! ರಾಗಿ ಕೊಂದವನು ಪಾಪದವನು, ಅವರೆಗೆ ಅತ್ತವಳು ಪಾಪಿ. ಬಾಯಿಗೆ ಬಂದದ್ದೆಲ್ಲಾ ಅಂದೆ. ಮೊದಲ ಸಲ ಜನರೆದುರು ‘ನೀನು’ ಎಂದೆ. ಅವನು ನೆಲ ನೋಡುತ್ತಾ ನಿಂತೇ ಇದ್ದ. ತಿರುಗಿ ಬೈದಿದ್ದರೆ ಚೆನ್ನಾಗಿತ್ತು.

ಆಗಸ್ಟ್ 27, ಮಧ್ಯಾಹ್ನ

ಮುಯ್ಯಾಳುಗಳು ಸತ್ತ ರಾಗಿ ಕಿತ್ತು ಬದುವಿಗೆ ಹಾಕಿಕೊಟ್ಟು ಹೋದರು. ಮುಯ್ಯಿ ತೀರಿತಂತೆ. ಅವನು ಬಾಡಿಗೆಗೆ ಹೋಗಿಲ್ಲ, ಹುರುಳಿ ಚೆಲ್ಲುತ್ತಿದ್ದಾನೆ. ಬುತ್ತಿ ಒಯ್ಯುವುದಿಲ್ಲ ಎಂದು ಕೂತಿದ್ದೆ. ಅತ್ತೆಯೇ ಬುತ್ತಿ ಕಟ್ಟಿ ಮುಂದಿಟ್ಟರು.

“ಒಡಿಯೋ ಗಂಡನ್ ಜೊತೆ ನಾನು ಬಾಳ್ವೆ ಮಾಡಿವ್ನಿ ಕಣವ್ವ,” ಎಂದರು. “ಎದ್ರುಕೊಳ್ಳೋ ಗಂಡನ್ನ ಕಂಡಿಲ್ಲ.”

ಹೆದರಿಕೆಯಂತೆ. ನನ್ನ ಅವರೆಗೆ ಹೆದರಿ ಮಳವಳ್ಳಿಯ ಅಂಗಡಿಯವನನ್ನು ಕೇಳುತ್ತಾನೆ, ಮನೆಯಲ್ಲಿರುವ ನನ್ನನ್ನು ಕೇಳುವುದಿಲ್ಲ. ಕೇಳಿದ್ದರೆ ನಾನೇನು ತಿಂದುಬಿಡುತ್ತಿದ್ದೆನಾ? ಇದನ್ನೇ ಹೋಗಿ ಕೇಳುತ್ತೇನೆ, ಇವತ್ತೇ. ಬುತ್ತಿ ಕೊಡುವ ಮೊದಲೇ. ಅವನು ಮತ್ತೆ ಹಾಗೇ ನೆಲ ನೋಡುತ್ತಾ ನಿಂತುಬಿಟ್ಟರೆ ನಾನು— ಬುತ್ತಿ ತಣ್ಣಗಾಗುತ್ತಿದೆ, ಹೊರಟೆ.